ದೊಡ್ಡ ವೇಷಕ್ಕೆ ಹುಡುಗ ಯಾವಾಗ?

(ಒಬ್ಬರು ಯಕ್ಷಗಾನದ ಬಡಗುತಿಟ್ಟಿನ ಮೇಳಗಳಲ್ಲಿ ದೀರ್ಘಕಾಲ ಹಾಡಿ ಈಗ ಮನೆಯಲ್ಲಿರುವ ಭಾಗವತರು. ಇನ್ನೊಬ್ಬರು ಉಡುಪಿಯ ಪ್ರೌಢಶಾಲೆಯೊಂದರ ಮೇಷ್ಟ್ರು. ಮಕ್ಕಳ ಯಕ್ಷಗಾನ ತರಗತಿಯನ್ನು ಹತ್ತಿರದಿಂದ ನೋಡಿದವರು. ಮಳೆಗಾಲದ ದಿನ. ಮೇಳಗಳು ಮುಂದಿನ ತಿರುಗಾಟಕ್ಕೆ ಕಲಾವಿದರನ್ನು ಗೊತ್ತು ಮಾಡಿಕೊಳ್ಳುವ ಹೊತ್ತು.)

ಮೇಷ್ಟ್ರು: ಭಾಗವತರೆ, ಒಂದು ವಿಷಯ ಕೇಳಲಿಕ್ಕೆ ಬಂದೆ. ನಮ್ಮ ಶಾಲೆಯಲ್ಲಿ ಕಲಿತ ಹುಡುಗ ಹರಕೆ ಮೇಳದಲ್ಲಿ ಇದ್ದಾನಲ್ಲ, ಅವನನ್ನು ಟಿಕೇಟಿನ ಡೇರೆ ಮೇಳದವರು ಕರೆದಿದ್ದಾರೆ. ಈಗಿನ್ನೂ ಹತ್ತೊಂಬತ್ತು ವರ್ಷ. ಬಭ್ರುವಾಹನ, ಅಭಿಮನ್ಯು ಎಲ್ಲ ಅವನಿಗೇ ಅಂತೆ. ಅಪ್ಪ ಅಮ್ಮನಿಗೆ ಖುಷಿಯೂ ಉಂಟು, ಹೆದರಿಕೆಯೂ ಉಂಟು. ಹೋಗಬಹುದಾ?

ಭಾಗವತರು: ಎದುರು ಅರ್ಜುನ ಯಾರು?

ಮೇಷ್ಟ್ರು: ಅದು ಕೇಳಲಿಲ್ಲ.

ಭಾಗವತರು: ಮೊದಲು ಕೇಳಬೇಕಾದದ್ದು ಅದನ್ನೇ. ಸಂಬಳ ಎಷ್ಟು, ಮುಂಗಡ ಎಷ್ಟು, ಪೋಸ್ಟರಿನಲ್ಲಿ ಫೋಟೋ ಹಾಕುತ್ತಾರಾ ಎಂಬುದೆಲ್ಲ ಆಮೇಲೆ. ಬಭ್ರುವಾಹನನ ಯಶಸ್ಸು ಅರ್ಧ ಅರ್ಜುನನ ಕೈಯಲ್ಲಿ ಇರುತ್ತದೆ.

ಮೇಷ್ಟ್ರು: ಅಂದರೆ ಹುಡುಗನ ಯೋಗ್ಯತೆಗೆ ಬೆಲೆ ಇಲ್ಲವಾ? ಎಂತ ಚಂದ ಕುಣಿಯುತ್ತಾನೆ ಮಾರಾಯ್ರೆ! ಮಂಡಿ ಹಾಕಿ ತಿರುಗಲು ಶುರು ಮಾಡಿದರೆ ಜನ ಕುರ್ಚಿ ಬಿಟ್ಟು ಏಳುತ್ತಾರೆ. ವಿಡಿಯೋ ಎಲ್ಲರ ಮೊಬೈಲಿನಲ್ಲೂ ಉಂಟು.

ಭಾಗವತರು: ನಾನೂ ನೋಡಿದ್ದೇನೆ. ಕುಣಿತ ಒಳ್ಳೆಯದೇ. ಆದರೆ ಯಕ್ಷಗಾನದಲ್ಲಿ ಕಾಲು ಒಂದು ವಯಸ್ಸಿಗೆ ಹಣ್ಣಾಗುತ್ತದೆ, ಬಾಯಿ ಇನ್ನೊಂದು ವಯಸ್ಸಿಗೆ. ಹದಿನೆಂಟಕ್ಕೆ ಕಾಲು ತಯಾರು. ಮಾತಿಗೆ ಇಪ್ಪತ್ತೈದಾದರೂ ಬೇಕು, ಕೆಲವರಿಗೆ ಮೂವತ್ತೈದು. ನಮ್ಮಲ್ಲಿ ಮಾತು ಬರೆದು ಕೊಡುವ ಪದ್ಧತಿ ಇಲ್ಲ. ನಾನು ಪದ್ಯ ಹೇಳಿ ಬಿಡುತ್ತೇನೆ, ಅರ್ಥ ಅವನೇ ಹೇಳಬೇಕು. ಎದುರಿನವನು ಏನು ಕೇಳುತ್ತಾನೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಕಾಲು ಕಾಣುತ್ತದೆ, ಬಾಯಿ ಕಾಣುವುದಿಲ್ಲ.

ಮೇಷ್ಟ್ರು: ಒಂದು ಉದಾಹರಣೆ ಹೇಳಿ.

ಭಾಗವತರು: ನಾನು ಹಾಡಿದ ಒಂದು ಹರಕೆ ಆಟ. ಇಂಥವನೇ ಒಬ್ಬ ಹುಡುಗ, ಕೇದಗೆ ಮುಂದಲೆ ಕಟ್ಟಿ ಬಭ್ರುವಾಹನ. ಪ್ರವೇಶಕ್ಕೆ ಚಪ್ಪಾಳೆ ಬಿತ್ತು. ಅಶ್ವಮೇಧದ ಕುದುರೆ ಕಟ್ಟಿದ್ದಾಯಿತು, ತಾಯಿಯ ಮಾತು ಕೇಳಿದ್ದಾಯಿತು, ಕಪ್ಪ ಕಾಣಿಕೆ ಹಿಡಿದು ತಂದೆ ಅರ್ಜುನನ ಕಾಲಿಗೆ ಬೀಳಲು ಬಂದ. ಎದುರು ಒಬ್ಬ ಹಿರಿಯ ಅರ್ಜುನ. ಅವನು ಕೇಳಿದ: ಕುದುರೆ ಕಟ್ಟುವಾಗ ಇಲ್ಲದ ತಂದೆ ಬಿಚ್ಚುವಾಗ ಎಲ್ಲಿಂದ ಬಂದ? ಕಲಿಸಿ ಕಳುಹಿಸಿದ ಅರ್ಥದಲ್ಲಿ ಈ ಪ್ರಶ್ನೆ ಇರಲಿಲ್ಲ. ಹುಡುಗ ನಿಂತುಬಿಟ್ಟ. ಬಾಯಿ ತೆರೆದದ್ದು ಹಾಗೇ ಉಂಟು, ಶಬ್ದ ಇಲ್ಲ. ನಾನು ಮದ್ದಳೆಯವರ ಕಡೆ ನೋಡಿದೆ, ಮುಂದಿನ ಪದ್ಯ ಎತ್ತಿಕೊಂಡೆ. ಕಾಲಿಗೆ ಕೆಲಸ ಸಿಕ್ಕಿದ್ದೇ ಹುಡುಗ ಬದುಕಿಕೊಂಡ. ಕೂತವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ.

ಮೇಷ್ಟ್ರು: ಆ ಹಿರಿಯರು ಹಾಗೆ ಕೇಳಬಾರದಿತ್ತು.

ಭಾಗವತರು: ಕೇಳಬೇಕಿತ್ತು! ಅರ್ಜುನ ಮತ್ತೆ ಎಂತ ಕೇಳುವುದು? ಆದರೆ ಆಟ ಮುಗಿದ ಮೇಲೆ ಚೌಕಿಯಲ್ಲಿ ಬಣ್ಣ ತೆಗೆಯುತ್ತಾ ಅದೇ ಹಿರಿಯ ಹುಡುಗನನ್ನು ಹತ್ತಿರ ಕೂರಿಸಿಕೊಂಡು ನಾಲ್ಕು ಉತ್ತರ ಹೇಳಿಕೊಟ್ಟ. ಕೆಲವು ಆಟ ಕಳೆದ ಮೇಲೆ ಅದೇ ಪ್ರಸಂಗ ಮತ್ತೆ ಬಂತು. ಹುಡುಗ ಚೌಕಿಯಲ್ಲೇ ಬಂದು ಹೇಳಿದ, ‘ಇವತ್ತೂ ಅದನ್ನೇ ಕೇಳಿ’. ಕೇಳಿದರು. ಹೇಳಿಕೊಟ್ಟ ನಾಲ್ಕೂ ಬಿಟ್ಟು ಐದನೆಯದನ್ನು ಹೇಳಿದ: ಕುದುರೆ ಕಟ್ಟಿದ್ದು ಮಣಿಪುರದ ರಾಜ, ಈಗ ಎದುರು ನಿಂತದ್ದು ಚಿತ್ರಾಂಗದೆಯ ಮಗ, ರಾಜನಿಗೆ ತಂದೆ ಬೇಕಾಗಿರಲಿಲ್ಲ, ಮಗನಿಗೆ ಬೇಕು. ಆ ರಾತ್ರಿ ನನಗೆ ಅನ್ನಿಸಿತು, ಇವನನ್ನು ಇನ್ನು ಮೇಲೆ ಕಳುಹಿಸಬಹುದು ಎಂದು.

ಮೇಷ್ಟ್ರು: ಹಾಗಾದರೆ ನಿಮ್ಮ ಪರೀಕ್ಷೆ ಅದೇ. ಚೆನ್ನಾಗಿ ಆದ ರಾತ್ರಿಯನ್ನು ನೋಡಬಾರದು, ಕೆಟ್ಟ ರಾತ್ರಿ ಕಳೆದ ಮೇಲೆ ಏನು ಮಾಡುತ್ತಾನೆ ಎಂದು ನೋಡಬೇಕು.

ಭಾಗವತರು: ಹೌದು. ಚೆನ್ನಾಗಿ ಆದ ರಾತ್ರಿ ಎಲ್ಲರಿಗೂ ಒಂದಲ್ಲ ಒಂದು ಇರುತ್ತದೆ.

ಮೇಷ್ಟ್ರು: ಈಗ ನನ್ನ ತಕರಾರು ಕೇಳಿ. ನಿಮ್ಮ ಕಾಲದ ಮೆಟ್ಟಿಲು ನನಗೂ ಗೊತ್ತು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಒಡ್ಡೋಲಗ, ಬಲದ ವೇಷ, ದೂತ, ಸಖಿ. ಹೀಗೆ ವರ್ಷಗಟ್ಟಲೆ ಸವೆದು ಪುರುಷವೇಷ, ಮೂರನೇ ವೇಷ. ಕೊನೆಗೆ ಯಾರಾದರೂ ಮುದುಕರಾದರೆ ಎರಡನೇ ವೇಷ. ಎಷ್ಟು ಹುಡುಗರು ಕೋಡಂಗಿಯಲ್ಲೇ ಮುಗಿದುಹೋದರು! ಯೋಗ್ಯತೆ ಇದ್ದವನೂ ಸರದಿಯಲ್ಲೇ ನಿಲ್ಲಬೇಕಿತ್ತು. ಮೇಲಿನ ಜಾಗ ಖಾಲಿಯಾಗುವುದೇ ಇಲ್ಲವಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದ ಮೇಲೂ ಗೆಜ್ಜೆ ಕಟ್ಟುತ್ತಿದ್ದರು, 2017ರಲ್ಲಿ ತೀರಿಕೊಳ್ಳುವಾಗ ಎಂಬತ್ತನಾಲ್ಕು.

ಭಾಗವತರು: ಚಿಟ್ಟಾಣಿಯವರು ಜಾಗ ಹಿಡಿದು ಕೂತವರಲ್ಲ, ಜನ ಕೂರಿಸಿದ್ದು. ಅದು ಬೇರೆ ಮಾತು. ಉಳಿದಂತೆ ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ಸರದಿ ಎಂಬುದು ಎಷ್ಟೋ ಸಲ ಸೋಮಾರಿತನ. ಯಾರನ್ನು ಮೇಲೆ ತರಬೇಕು ಎಂದು ಯೋಚಿಸುವ ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಹಿರಿತನದ ಲೆಕ್ಕ ಹಿಡಿಯುವುದು.

ಮೇಷ್ಟ್ರು: ಮತ್ತೆ ಕಾಳಿಂಗ ನಾವಡರು? 1958ರಲ್ಲಿ ಹುಟ್ಟಿದವರು. ಇಪ್ಪತ್ತರ ಆಸುಪಾಸಿನಲ್ಲೇ ಡೇರೆ ಮೇಳದ ಪ್ರಧಾನ ಭಾಗವತರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋಗುವಾಗ ಮೂವತ್ತೆರಡು ತುಂಬಿರಲಿಲ್ಲ. ಅಷ್ಟರೊಳಗೆ ಬಡಗಿನ ಹಾಡುಗಾರಿಕೆಯನ್ನೇ ಬೇರೆ ಮಾಡಿ ಹೋದರು. ಇಪ್ಪತ್ತೈದಾಗಲಿ ಎಂದು ಯಾರಾದರೂ ಕಾದಿದ್ದರೆ ಎಷ್ಟು ನಷ್ಟ!

ಭಾಗವತರು: ನಾವಡರ ಹೆಸರು ಹೇಳಿದರೆ ನಾನು ಸೋಲುತ್ತೇನೆ ಎಂದು ಗೊತ್ತಿದ್ದೇ ಬಂದಿರಿ. ಆದರೆ ಪೂರ್ತಿ ಲೆಕ್ಕ ಹೇಳಿ. ತಂದೆ ರಾಮಚಂದ್ರ ನಾವಡರೇ ಭಾಗವತರು, ಮನೆಯಲ್ಲೇ ಹಾಡು. ಆಮೇಲೆ ನಾರಣಪ್ಪ ಉಪ್ಪೂರರಂಥ ಗುರು. ಉಪ್ಪೂರರ ಮೇಳದಲ್ಲಿ ಸಂಗೀತಗಾರನಾಗಿ ಕೂತು ಹಾಡಿದವರು ಅವರು. ಸಂಗೀತಗಾರ ಎಂದರೆ ಪೂರ್ವರಂಗದ ಹಾಡು ಹೇಳುವವನು. ಮುಖ್ಯ ಪ್ರಸಂಗ ಶುರುವಾದ ಮೇಲೆ ಅವನ ಕೆಲಸ ಕೇಳುವುದು. ಇಡೀ ರಾತ್ರಿ, ಇಡೀ ತಿರುಗಾಟ ಕೇಳುವುದು. ಇಪ್ಪತ್ತಕ್ಕೆ ಮೇಲೆ ಬಂದವರು ನಿಜ, ಆದರೆ ಅಷ್ಟರೊಳಗೆ ಬೇರೆಯವರು ಮೂವತ್ತಕ್ಕೆ ಕೇಳುವಷ್ಟನ್ನು ಕೇಳಿ ಮುಗಿಸಿದ್ದರು. ವಯಸ್ಸಿನ ಲೆಕ್ಕ ನಾನು ಹಿಡಿಯುವುದಿಲ್ಲ. ಎಷ್ಟು ರಾತ್ರಿ ಕೂತ ಎಂದು ಕೇಳುತ್ತೇನೆ.

ಮೇಷ್ಟ್ರು: ಈಗ ಕೂರುವ ರಾತ್ರಿಗಳೇ ಇಲ್ಲವಲ್ಲ.

ಭಾಗವತರು: ಅಲ್ಲಿಗೇ ಬಂದಿರಿ ನೋಡಿ! ಕಾಲಮಿತಿ ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ? ಪೂರ್ವರಂಗಕ್ಕೆ. ಐದಾರು ಗಂಟೆಯೊಳಗೆ ಆಟ ಮುಗಿಯಬೇಕಾದರೆ ಕೋಡಂಗಿ ಬೇಡ, ಬಾಲಗೋಪಾಲ ಚೂರು ಸಾಕು, ಸ್ತ್ರೀವೇಷ ಬಿಡಿ ಎಂದಾಯಿತು. ಪ್ರೇಕ್ಷಕರಿಗೆ ಅದು ಉದ್ದ ಅನ್ನಿಸಿರಬಹುದು. ಆದರೆ ಹುಡುಗನೊಬ್ಬ ಯಾರ ಕಣ್ಣಿಗೂ ಹೆಚ್ಚು ಬೀಳದೆ ರಂಗಸ್ಥಳದಲ್ಲಿ ಕಾಲೂರುತ್ತಿದ್ದದ್ದು ಆ ಹೊತ್ತಿನಲ್ಲೇ. ಜನ ಇನ್ನೂ ಬಂದು ಕೂರುತ್ತಿರುತ್ತಾರೆ, ಚಾ ಕುಡಿಯುತ್ತಿರುತ್ತಾರೆ, ಹುಡುಗ ತಾಳ ತಪ್ಪಿದರೆ ಮದ್ದಳೆಯವರು ಕಣ್ಣಲ್ಲೇ ಗದರಿಸುತ್ತಾರೆ. ಅಷ್ಟೇ ಶಿಕ್ಷೆ. ಈಗ ಹುಡುಗ ಚೌಕಿಯಿಂದ ಹೊರಬಂದರೆ ನೇರವಾಗಿ ಅಭಿಮನ್ಯು. ಎದುರಿಗೆ ಹತ್ತು ಮೊಬೈಲು.

ಮೇಷ್ಟ್ರು: ಆದರೆ ಕಲಿಯುವ ಜಾಗಗಳು ಬೇರೆ ಕಡೆ ಹುಟ್ಟಿಕೊಂಡಿವೆಯಲ್ಲ. 1971ರಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾದ ಯಕ್ಷಗಾನ ಕೇಂದ್ರ ಈಗ ಇಂದ್ರಾಳಿಯಲ್ಲಿ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಕೆಳಗೆ ನಡೆಯುತ್ತಿದೆ. ಶಿವರಾಮ ಕಾರಂತರು, ಕು.ಶಿ. ಹರಿದಾಸ ಭಟ್ಟರು ಕಟ್ಟಿದ್ದು. ಬನ್ನಂಜೆ ಸಂಜೀವ ಸುವರ್ಣರಂಥ ಗುರುಗಳು ಬೆಳೆಸಿದ್ದು. ಸಾಲಿಗ್ರಾಮದ ಮಕ್ಕಳ ಮೇಳ 1975ರಿಂದ ಇದೆ. ಯಕ್ಷಗಾನ ಕಲಾರಂಗವೂ ಆ ವರ್ಷದ್ದೇ. ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಪ್ರೌಢಶಾಲೆಗಳಲ್ಲಿ ಮಕ್ಕಳು ಕಲಿಯುತ್ತಾರೆ, ವರ್ಷಕ್ಕೊಮ್ಮೆ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ವೇಷ ಕಟ್ಟುತ್ತಾರೆ. ನಮ್ಮ ಹುಡುಗ ಮೊದಲ ಸಲ ಗೆಜ್ಜೆ ಕಟ್ಟಿದ್ದೂ ಹಾಗೆಯೇ.

ಭಾಗವತರು: ಅದಕ್ಕೆ ಕೈ ಮುಗಿಯುತ್ತೇನೆ. ಹೆಜ್ಜೆ, ತಾಳ, ಬಣ್ಣಗಾರಿಕೆ ಅಲ್ಲಿ ಶುದ್ಧವಾಗಿ ಸಿಗುತ್ತದೆ. ನಮ್ಮ ಕಾಲದ ಹುಡುಗರಿಗಿಂತ ಈಗಿನವರ ಹೆಜ್ಜೆ ಸ್ಪಷ್ಟ. ಆದರೆ ಶಾಲೆಯಲ್ಲಿ ವರ್ಷಕ್ಕೆ ಒಂದು ಪ್ರಸಂಗ, ಮಾತೆಲ್ಲ ಬಾಯಿಪಾಠ. ಅಲ್ಲಿಂದ ನೇರ ಡೇರೆ ಮೇಳಕ್ಕೆ ಏರಿದರೆ ನಡುವಿನ ಮೆಟ್ಟಿಲು ಇಲ್ಲ. ಆ ಮೆಟ್ಟಿಲು ಹರಕೆ ಮೇಳ. ಮಂದಾರ್ತಿಗೆ ಐದು ಮೇಳ ಉಂಟು, ಆದರೂ ಹರಕೆ ಆಟ ಆಡಿಸಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಮಾರಣಕಟ್ಟೆ, ಕಮಲಶಿಲೆ, ಹಟ್ಟಿಯಂಗಡಿ, ಎಲ್ಲ ಕಡೆ ಆಟ ಉಂಟು. ಹರಕೆ ಆಟದ ದೊಡ್ಡ ಗುಣ ಯಾವುದು ಹೇಳಿ? ಅಲ್ಲಿ ಟಿಕೇಟು ಇಲ್ಲ. ಆಟ ದೇವಿಗೆ ಹೇಳಿಕೊಂಡದ್ದು. ಎದುರಿಗೆ ಮುನ್ನೂರು ಜನ ಇದ್ದರೂ ಆಟ ಆಗಬೇಕು, ಮನೆಯವರು ಹತ್ತು ಜನ ಇದ್ದರೂ ಆಗಬೇಕು. ಹುಡುಗ ಒಂದು ರಾತ್ರಿ ಸೋತರೆ ಯಾರಿಗೂ ನಷ್ಟ ಇಲ್ಲ. ದೀಪಾವಳಿ ಕಳೆದು ಹೊರಟ ಮೇಳ ಮೇ ತಿಂಗಳವರೆಗೆ ರಾತ್ರಿ ರಾತ್ರಿ ತಿರುಗುತ್ತದೆ. ನಾಳೆ ಇನ್ನೊಂದು ಊರು, ಇನ್ನೊಂದು ರಂಗಸ್ಥಳ.

ಮೇಷ್ಟ್ರು: ನಾನು ಕ್ರೀಡೆಯ ಪುಸ್ತಕ ಓದುವವನು, ನನಗೆ ಅಮೆರಿಕದ ಬೇಸ್‌ಬಾಲ್ ನೆನಪಾಗುತ್ತದೆ. ಅಲ್ಲಿ ಪ್ರತಿಯೊಂದು ದೊಡ್ಡ ತಂಡಕ್ಕೂ ಕೆಳಗೆ ಮರಿ ತಂಡಗಳು ಇರುತ್ತವೆ. ಸಿಂಗಲ್-ಎ, ಡಬಲ್-ಎ, ಟ್ರಿಪಲ್-ಎ ಎಂದು ದರ್ಜೆ. ಹುಡುಗನನ್ನು ಯಾವಾಗ ಮೇಲೆ ಕರೆಸಬೇಕು ಎಂಬುದೇ ಅಲ್ಲಿ ವರ್ಷವಿಡೀ ಚರ್ಚೆ. ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನನ್ನು 1951ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ನ್ಯೂಯಾರ್ಕ್ ಯಾಂಕೀಸ್ ತಂಡ ಮೇಲೆ ತಂದಿತು. ತಡವರಿಸಿದ. ಜುಲೈಯಲ್ಲಿ ಕಾನ್ಸಾಸ್ ಸಿಟಿಯ ಕೆಳಗಿನ ತಂಡಕ್ಕೆ ಕಳುಹಿಸಿದರು. ಅಲ್ಲಿ ಹೊಡೆತ ಮರಳಿ ಬಂತು, ಆಗಸ್ಟಿನಲ್ಲಿ ಮತ್ತೆ ಕರೆಸಿಕೊಂಡರು. ಮುಂದೆ ಅವನು ಆ ಆಟದ ದಂತಕಥೆಯಾದ.

ಭಾಗವತರು: ನಮ್ಮವರದೂ ಒಂದು ಉಂಟಲ್ಲ, ಅನಿಲ್ ಕುಂಬ್ಳೆ. ಕುಂಬಳೆ ಮೂಲದವರು ಎಂದು ನಮಗೆ ಸ್ವಲ್ಪ ಹೆಮ್ಮೆ.

ಮೇಷ್ಟ್ರು: ಸರಿಯಾಗಿ ಹೇಳಿದಿರಿ. 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್, ವಯಸ್ಸು ಹತ್ತೊಂಬತ್ತು. ಆಮೇಲೆ ಎರಡು ವರ್ಷ ಟೆಸ್ಟ್ ತಂಡದಲ್ಲಿ ಜಾಗ ಇಲ್ಲ. ದೇಶದೊಳಗೆ ಆಡಿದರು. 1992ರ ಇರಾನಿ ಕಪ್ ಪಂದ್ಯದಲ್ಲಿ 13 ವಿಕೆಟ್ ತೆಗೆದು ಮರಳಿ ಒಳಗೆ ಬಂದರು, 619 ಟೆಸ್ಟ್ ವಿಕೆಟಿನವರೆಗೆ ಹೋದರು. ಕೆಳಗೆ ಹೋದದ್ದು ಅವರಿಗೆ ಅವಮಾನವಾಗಿ ಉಳಿಯಲಿಲ್ಲ.

ಭಾಗವತರು: ನಮ್ಮಲ್ಲಿ ಇಲ್ಲದ್ದು ಅದೇ ನೋಡಿ. ಡೇರೆ ಮೇಳಕ್ಕೆ ಏರಿದವನು ಮರುವರ್ಷ ಹರಕೆ ಮೇಳಕ್ಕೆ ಬಂದರೆ ಊರವರು ಕೇಳುವ ಮೊದಲ ಮಾತು, ‘ಯಾಕೆ, ಬಿಟ್ಟರಾ?’ ಮೂರನೇ ವೇಷ ಮಾಡಿದವನಿಗೆ ಮರುದಿನ ಬಲದ ವೇಷ ಕೊಟ್ಟರೆ ಗೆಜ್ಜೆ ಬಿಚ್ಚಿಟ್ಟು ಹೋಗುತ್ತಾನೆ. ಬೆಂಗಳೂರಿಗೆ ಹೋಗಿ ಹೋಟೆಲು ಸೇರಿದವರೂ ಇದ್ದಾರೆ. ಹತ್ತಲು ಮೆಟ್ಟಿಲು ಉಂಟು, ಇಳಿಯಲು ಇಲ್ಲ. ಹಾಗಿರುವಾಗ ಹತ್ತಿಸುವವನು ಹತ್ತು ಸಲ ಯೋಚಿಸಬೇಕು.

ಮೇಷ್ಟ್ರು: ಹೆಚ್ಚು ಯೋಚಿಸಿದರೂ ಕಷ್ಟ. ರಾಹುಲ್ ದ್ರಾವಿಡ್ ಕಿರಿಯರ ತಂಡಕ್ಕೆ ತರಬೇತುದಾರರಾಗಿದ್ದಾಗ ಒಂದು ಕ್ರಮ ತಂದರು. ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಒಬ್ಬನಿಗೆ ಒಂದೇ ಸಲ. ವಯಸ್ಸು ಉಳಿದಿದ್ದರೂ ಎರಡನೇ ಸಲ ಇಲ್ಲ, ದೊಡ್ಡವರ ಜೊತೆ ಆಡಲು ಹೋಗಬೇಕು. ಮಕ್ಕಳ ನಡುವೆ ರಾಜನಾಗಿ ಇರುವ ಸುಖ ಕೆಟ್ಟದ್ದು ಎಂಬುದು ಅದರ ಹಿಂದಿನ ಯೋಚನೆ. ನಮ್ಮ ಹುಡುಗನೂ ಹರಕೆ ಮೇಳದಲ್ಲಿ ರಾಜನಾಗಿಬಿಟ್ಟಿದ್ದಾನೆ. ಅವನನ್ನು ಪ್ರಶ್ನೆ ಕೇಳುವವರೇ ಈಗ ಅಲ್ಲಿಲ್ಲ.

ಭಾಗವತರು: ಇದು ತೂಕದ ಮಾತು. ಕೇಳುವವರು ಇಲ್ಲದ ಜಾಗದಲ್ಲಿ ಉಳಿದರೆ ಬಾಯಿಗೆ ತುಕ್ಕು ಹಿಡಿಯುತ್ತದೆ. ಹಾಗಾದರೆ ಮೇಲೆ ಹೋಗುವ ಕಾಲ ಬಂದಿದೆ ಎಂದೇ ಇಟ್ಟುಕೊಳ್ಳಿ. ಆದರೆ ಕರೆದ ಯಜಮಾನರು ಯಾಕೆ ಕರೆದರು ಎಂದೂ ಕೇಳಬೇಕಲ್ಲ?

ಮೇಷ್ಟ್ರು: ಅಲ್ಲಿ ಲೆಕ್ಕದ ಪುಸ್ತಕ ಬರುತ್ತದೆ ಎನ್ನುತ್ತೀರಾ?

ಭಾಗವತರು: ಬಂದೇ ಬರುತ್ತದೆ. ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಡೇರೆ ಮೇಳ ನಡೆಸುವವನಿಗೆ ಲಾರಿ ಬಾಡಿಗೆ, ಲೈಟು, ಕಲಾವಿದರ ಸಂಬಳ, ಎಲ್ಲ ಪ್ರತಿ ರಾತ್ರಿ ಹುಟ್ಟಬೇಕು. ಹೆಸರು ಬಂದ ಹುಡುಗನನ್ನು ಹಾಕಿದರೆ ಆಟ ಗೊತ್ತುಮಾಡುವವರು ಹೆಚ್ಚು. ಎರಡು ವರ್ಷ ಶಿಳ್ಳೆ ಬೀಳುತ್ತದೆ. ಮೂರನೇ ವರ್ಷ ಹುಡುಗನ ಮಂಡಿ ನೋಯಲು ಶುರು, ಅಷ್ಟರಲ್ಲಿ ಇನ್ನೊಬ್ಬ ಹದಿನೆಂಟರವನು ವಿಡಿಯೋದಲ್ಲಿ ಬಂದಿರುತ್ತಾನೆ.

ಮೇಷ್ಟ್ರು: ಅಮೆರಿಕದಲ್ಲಿ ಇದರ ತದ್ವಿರುದ್ಧ. ಕ್ರಿಸ್ ಬ್ರಯಂಟ್ ಎಂಬ ಹುಡುಗ 2015ರ ಹೊತ್ತಿಗೆ ಪೂರ್ತಿ ತಯಾರಾಗಿದ್ದ. ಆದರೂ ಶಿಕಾಗೋ ಕಬ್ಸ್ ತಂಡ ಏಪ್ರಿಲ್ 17ರವರೆಗೆ ಅವನನ್ನು ಕೆಳಗೇ ಇಟ್ಟಿತು. ಅಲ್ಲಿ 172 ದಿನ ದೊಡ್ಡ ತಂಡದ ಪಟ್ಟಿಯಲ್ಲಿ ಇದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಅವನಿಗೆ ಸಿಕ್ಕಿದ್ದು 171. ಆ ಒಂದು ದಿನದಿಂದ ತಂಡಕ್ಕೆ ಅವನ ಮೇಲೆ ಇನ್ನೊಂದು ವರ್ಷದ ಹಕ್ಕು ಉಳಿಯಿತು. ದೂರು ಕೊಟ್ಟ, 2020ರಲ್ಲಿ ತೀರ್ಪು ಅವನ ವಿರುದ್ಧವೇ ಬಂತು.

ಭಾಗವತರು: ಅಲ್ಲಿ ಲೆಕ್ಕಕ್ಕಾಗಿ ತಡೆದರು, ಇಲ್ಲಿ ಲೆಕ್ಕಕ್ಕಾಗಿ ತಳ್ಳುತ್ತಾರೆ. ಎರಡು ಕಡೆಯೂ ಹುಡುಗನ ಹದ ಯಾರೂ ನೋಡಲಿಲ್ಲ.

ಮೇಷ್ಟ್ರು: ಹಾಗಾದರೆ ನೋಡಬೇಕಾದವರು ಯಾರು?

ಭಾಗವತರು: ಭಾಗವತ. ಹಿಂದೆ ಆಟದ ಮೊದಲನೇ ವೇಷಧಾರಿಯೇ ಭಾಗವತ ಎಂದು ಲೆಕ್ಕ. ಯಾರಿಗೆ ಯಾವ ವೇಷ ಎಂದು ಅವನು ಹೇಳಿದರೆ ಅದೇ ಕೊನೆಯ ಮಾತು. ಅವನಿಗೆ ರಾತ್ರಿಯಿಡೀ ಹುಡುಗನ ಬೆನ್ನು ಕಾಣುತ್ತದೆ. ಪ್ರೇಕ್ಷಕರಿಗೆ ಕಾಣುವುದು ಮುಖ. ಹೆದರಿದವನ ಮುಖಕ್ಕೆ ಬಣ್ಣ ಇರುತ್ತದೆ, ಗೊತ್ತಾಗುವುದಿಲ್ಲ. ಬೆನ್ನು, ಹೆಗಲು ಎಲ್ಲ ಹೇಳಿಬಿಡುತ್ತವೆ. ಈಗ ಎಷ್ಟೋ ಕಡೆ ಯಾರಿಗೆ ಯಾವ ವೇಷ ಎಂದು ಆಟ ಗೊತ್ತುಮಾಡಿದವರೇ ಫೋನಿನಲ್ಲಿ ಹೇಳುತ್ತಾರೆ. ಭಾಗವತ ತಲೆ ಅಲ್ಲಾಡಿಸಿ ಹಾಡುತ್ತಾನೆ. ಆ ಅಧಿಕಾರ ಅವನಿಗೆ ತಿರುಗಿ ಬರಬೇಕು.

ಮೇಷ್ಟ್ರು: ಅದು ಬರುವವರೆಗೆ ನಮ್ಮ ಹುಡುಗ ಕಾಯಲಿಕ್ಕೆ ಆಗುವುದಿಲ್ಲವಲ್ಲ. ಮಳೆಗಾಲ ಮುಗಿದರೆ ಮೇಳ ಹೊರಡುತ್ತದೆ. ಅವನು ಈಗ ಎಂತ ಮಾಡಬೇಕು?

ಭಾಗವತರು: ಮಳೆಗಾಲದಲ್ಲಿ ತಾಳಮದ್ದಳೆ ಉಂಟಲ್ಲ, ಅಲ್ಲಿ ಕೂರಲಿ. ವೇಷ ಇಲ್ಲ, ಕುಣಿತ ಇಲ್ಲ, ಮಂಡಿ ಇಲ್ಲ. ತಪ್ಪಿಸಿಕೊಳ್ಳಲಿಕ್ಕೆ ಏನೂ ಇಲ್ಲ, ಮಾತೇ ಗತಿ. ಸಣ್ಣ ಅರ್ಥ ಕೇಳಿ ಪಡೆಯಲಿ: ದೂತ, ವೃಷಕೇತು, ಯಾವುದಾದರೂ. ದೊಡ್ಡ ಅರ್ಥಧಾರಿಗಳು ಎದುರಿನವನ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಲಿ. ಹೇಳುವುದು ಆಮೇಲೆ ತಾನಾಗಿ ಬರುತ್ತದೆ.

ಮೇಷ್ಟ್ರು: ಸರಿ. ಮತ್ತೆ ಡೇರೆ ಮೇಳಕ್ಕೆ ಹೌದು ಎನ್ನುವುದಾ, ಇಲ್ಲ ಎನ್ನುವುದಾ? ಅಪ್ಪ ಅಮ್ಮ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ.

ಭಾಗವತರು: ಮುಂಗಡ ತೆಗೆದುಕೊಳ್ಳುವ ಮೊದಲು ಯಜಮಾನರಲ್ಲಿ ಮೂರು ಮಾತು ಕೇಳಲಿ. ಒಂದು, ಎದುರು ವೇಷಕ್ಕೆ ತಿರುಗಾಟ ಪೂರ್ತಿ ಒಬ್ಬ ಹಿರಿಯ ಇರುತ್ತಾನಾ, ಅವನು ಚೌಕಿಯಲ್ಲಿ ಹೇಳಿಕೊಡುವವನಾ? ಎರಡು, ಮೊದಲ ವರ್ಷ ದೊಡ್ಡ ವೇಷದ ಜೊತೆಗೆ ಸಣ್ಣ ವೇಷವನ್ನೂ ಕೊಡುತ್ತೀರಾ? ಒಂದು ರಾತ್ರಿ ಅಭಿಮನ್ಯು, ಮರುರಾತ್ರಿ ಸಾರಥಿ, ಅದು ಶಿಕ್ಷೆ ಅಲ್ಲ ಎಂದು ಮೊದಲೇ ಎಲ್ಲರಿಗೂ ಹೇಳುತ್ತೀರಾ? ಮೂರು, ವೇಷ ಹಂಚುವ ಮಾತು ನಿಮ್ಮ ಭಾಗವತರದಾ, ಫೋನಿನವರದಾ?

ಮೇಷ್ಟ್ರು: ಮೂರಕ್ಕೂ ಹೌದು ಎಂದರೆ?

ಭಾಗವತರು: ಮರುಮಾತಿಲ್ಲ, ಹತ್ತೊಂಬತ್ತಾದರೇನು, ಕಳುಹಿಸಿ. ಎರಡಕ್ಕೆ ಹೌದು ಎಂದರೂ ಕಳುಹಿಸಿ. ಆದರೆ ಆ ಎರಡರಲ್ಲಿ ಮೊದಲನೆಯದು ಇರಬೇಕು.

ಮೇಷ್ಟ್ರು: ಮೊದಲನೆಯದಕ್ಕೇ ಇಲ್ಲ ಎಂದರೆ?

ಭಾಗವತರು: ಇನ್ನೊಂದು ತಿರುಗಾಟ ಹರಕೆ ಮೇಳದಲ್ಲೇ ಇರಲಿ, ಆದರೆ ರಾಜನಾಗಿ ಬೇಡ. ಅಲ್ಲಿಯ ಭಾಗವತರಿಗೆ ನಾನೇ ಫೋನು ಮಾಡುತ್ತೇನೆ. ಬಭ್ರುವಾಹನನನ್ನು ಅವನಿಂದ ತೆಗೆದು ಅರ್ಜುನ ಮಾಡಿಸಿ, ಎದುರು ಇನ್ನೊಬ್ಬ ಸಣ್ಣ ಹುಡುಗನನ್ನು ನಿಲ್ಲಿಸಿ ಎನ್ನುತ್ತೇನೆ. ಪ್ರಶ್ನೆ ಕೇಳುವವನ ಜಾಗದಲ್ಲಿ ಒಂದು ವರ್ಷ ನಿಂತರೆ ಉತ್ತರ ಹೇಳಲು ಅವನಿಗೆ ಬೇರೆ ಗುರು ಬೇಡ. ಮತ್ತೆ ನಿಮಗೂ ಒಂದು ಮಾತು ಮೇಷ್ಟ್ರೆ. ಆಟ ನೋಡಲು ಹೋದಾಗ ಮಂಡಿಗೆ ಒಂದು ಸಲ ಚಪ್ಪಾಳೆ ಹೊಡೆಯಿರಿ, ಸಾಕು. ಎರಡನೇ ಸಲ ಹಾಕು ಎಂದು ಕೂಗಬೇಡಿ. ಕೂಗುವವರಿಗೂ ಹೇಳಿ. ಹುಡುಗ ಒಳ್ಳೆಯ ಒಂದು ಮಾತು ಹೇಳಿದಾಗ ತಿರುಗಿ ನೋಡಿ, ಕೈ ತಟ್ಟಿ. ಜನ ಯಾವುದಕ್ಕೆ ಕೈ ತಟ್ಟುತ್ತಾರೋ ಮೇಳ ಅದನ್ನೇ ಮೇಲೆ ತರುತ್ತದೆ.